ಪರ್ವತಾರೋಹಣದ ಗ್ರಂಥಗಳೂ ಹೊರೆ ಹೊತ್ತವರೂ

ಪರ್ವತಾರೋಹಣವನ್ನು ಕುರಿತ ಆಂಗ್ಲ ಗ್ರಂಥಗಳು ನಮ್ಮ ನಗರದ ವಿದ್ಯಾವಂತರಲ್ಲಿ ಅನೇಕರಿಗೆ ಪ್ರಿಯವಾದವು. ಹಗಲೆಲ್ಲ ಕಚೇರಿಯ ಕಡತಗಳ ನಡುವೆ ಕಳೆದವನು ಸಹ ರಾತ್ರಿ ದೀಪದ ಮುಂದೆ ಕುಳಿತು ಹಿಮದ ಕಂದರಗಳನ್ನು ದಾಟಿಬರಬಲ್ಲನು. ಇಂತಹ ಸುಖವನ್ನು ಕೊಡುವ ಗ್ರಂಥಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಗ್ರಂಥಗಳು ಆರಂಭವಾಗುವ ಸ್ಥಳದಲ್ಲಿ ಕಥೆಯು ಆರಂಭವಾದುದಲ್ಲ. 1921ರಲ್ಲಿ ಮೊದಲನೆಯ ಎವರೆಸ್ಟ್ ತಂಡವು ಡಾರ್ಜಿಲಿಂಗಿನಲ್ಲಿ ಕೂಲಿಯಾಳುಗಳನ್ನು ಗೊತ್ತುಮಾಡಿಕೊಳ್ಳುವುದಕ್ಕೆ ನೂರಿಪ್ಪತ್ತು ವರ್ಷಗಳಿಗೂ ಹಿಂದೆ, ನಮ್ಮ ಮೈಸೂರಿಗೆ ಹತ್ತು ಮೈಲಿಯೊಳಗಿರುವ ಶ್ರೀರಂಗಪಟ್ಟಣದ ಕೋಟೆಯ ಬುಡದಲ್ಲಿ ಅದರ ಮೊದಲ ಅಧ್ಯಾಯವು ನಡೆದುಹೋಗಿತ್ತು.

1799ನೆಯ ಏಪ್ರಿಲಿನ ಒಂದು ರಾತ್ರಿ ಜನರಲ್ ಬೇರ್ಡನ ತುಕಡಿಯು ಕೋಟೆಯ ಹೊರಗಿನ ತೋಪಿನ ಕತ್ತಲೆಯಲ್ಲಿ ದಿಕ್ಕು ತಪ್ಪಿ, ಅರಿಯದೆ ಶತ್ರುಪಾಳೆಯದ ಕಡೆಗೇ ನಡೆಯತೊಡಗಿತ್ತು. ದಂಡಿನೊಡನಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯು ನಕ್ಷತ್ರಗಳನ್ನು ನೋಡಿ ತಪ್ಪನ್ನು ತಿಳಿಸಿದನು. ಮೇ 4ರಂದು ಪಟ್ಟಣವು ಬಿದ್ದಿತು, ಟಿಪ್ಪು ಸುಲ್ತಾನನು ಮಡಿದನು, ರಾಜ್ಯವು ಹಂಚಿಹೋಯಿತು. ಆಮೇಲೆ ಅದೇ ಲ್ಯಾಂಬ್ಟನ್ ದಕ್ಷಿಣ ದೇಶವನ್ನು ಸಮುದ್ರದಿಂದ ಸಮುದ್ರದವರೆಗೆ ತ್ರಿಕೋನಗಳಿಂದ ಅಳೆಯುವ ಯೋಜನೆಯೊಂದನ್ನು ಕುಂಪಣಿಯ ಮುಂದಿಟ್ಟನು. ಆರ್ಥರ್ ವೆಲ್ಲೆಸ್ಲಿಯು ಅದನ್ನು ಬೆಂಬಲಿಸಿದನು. ಲ್ಯಾಂಬ್ಟನನ ಮನಸ್ಸು ಭೂಮಿಯ ಆಕಾರದ ಮೇಲಿತ್ತು, ಕುಂಪಣಿಯ ಮನಸ್ಸು ಭೂಮಿಯ ಮೇಲೆಯೇ ಇತ್ತು. ಇಬ್ಬರಿಗೂ ಕೆಲಸ ಒಂದೇ ಆಯಿತು. 1800ರಲ್ಲಿ ಬೆಂಗಳೂರಿನ ಬಳಿ ಮೊದಲ ಆಧಾರರೇಖೆಯನ್ನು ಅಳೆದರು. ಅದಕ್ಕೆ ಬಳಸಿದ ನೂರು ಅಡಿಯ ಉಕ್ಕಿನ ಸರಪಳಿಯು ಚೀನಾ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಬೇಡವೆನಿಸಿಕೊಂಡು ಕಲ್ಕತ್ತೆಗೆ ಬಂದುದಾಗಿತ್ತು. 1802ರಲ್ಲಿ ಮದರಾಸಿನಲ್ಲಿ ಮತ್ತೊಂದು ರೇಖೆಯನ್ನು ಅಳೆದು ಮಹಾಮೋಜಣಿಯನ್ನು ಕ್ರಮವಾಗಿ ಆರಂಭಿಸಿದರು. ಕೊನೆಗೆ ಹಿಮಾಲಯದ ಬುಡವನ್ನು ಮುಟ್ಟಿದ್ದು ಇದೇ ಮೋಜಣಿ.

ಲ್ಯಾಂಬ್ಟನನ ದೊಡ್ಡ ಕೋನಮಾಪಕ ಯಂತ್ರದ ಭಾರ ಅರ್ಧ ಟನ್ನು. ಹಡಗಿನಲ್ಲಿ ಬರುವಾಗ ಅದು ಫ್ರೆಂಚರ ಕೈಗೆ ಸಿಕ್ಕಿ, ಅವರು ಅದನ್ನು ಸೌಜನ್ಯದಿಂದ ಹಿಂದಿರುಗಿಸಿದ ಕಥೆಯನ್ನು ಇತಿಹಾಸಕಾರರು ರಸವತ್ತಾಗಿ ಹೇಳುವರು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ಕಿತ್ತು ಅದು ಜಖಂ ಆದುದನ್ನೂ ಹೇಳುವರು. ಆ ಯಂತ್ರವನ್ನು ಬೆಟ್ಟದಿಂದ ಬೆಟ್ಟಕ್ಕೆ ಹೆಗಲ ಮೇಲೆ ಹೊತ್ತವರು ಯಾರು? ಕಾಡು ಕಡಿದು ಬಾವುಟ ನೆಟ್ಟವರು, ಚಳಿಜ್ವರದಿಂದ ಬಿದ್ದವರು ಯಾರು? ಯಂತ್ರದ ಚರಿತ್ರೆಯು ನಮಗೆ ದೊರೆಯುವಷ್ಟು ವಿವರವಾಗಿ ಆ ಜನರ ಚರಿತ್ರೆಯು ದೊರೆಯದು.

ನಮ್ಮ ನಾಡಿನ ಬೆಟ್ಟಗಳು ಆಂಗ್ಲ ಗ್ರಂಥಗಳನ್ನು ಪ್ರವೇಶಿಸಿದ ಬಗೆಯನ್ನೂ ಇಲ್ಲಿ ನೆನೆಯಬೇಕು. 1791ರ ಅಕ್ಟೋಬರಿನಲ್ಲಿ ನಂದಿದುರ್ಗವನ್ನೂ ಡಿಸೆಂಬರಿನಲ್ಲಿ ಸಾವನದುರ್ಗವನ್ನೂ ಕಾರ್ನ್‌ವಾಲಿಸನ ದಂಡು ಹಿಡಿಯಿತು. ಆ ದಂಡಿನೊಡನೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರನು 1794ರಲ್ಲಿ ಮೈಸೂರಿನ ದೃಶ್ಯಗಳ ಗ್ರಂಥವೊಂದನ್ನು ಪ್ರಕಟಿಸಿದನು. ಚಿತ್ರಗಳು ಸುಂದರವಾಗಿವೆ, ಆದರೆ ಬೆಟ್ಟವೆಂದರೆ ಲಗ್ಗೆ ಹತ್ತಿ ಗೆಲ್ಲತಕ್ಕ ವಸ್ತು ಎಂಬ ಭಾವವು ಅವುಗಳೊಡನೆಯೇ ಬಂದಿತು. 1922ನೆಯ ಎವರೆಸ್ಟ್ ಯಾತ್ರೆಯ ಅಧಿಕೃತ ಗ್ರಂಥದ ಹೆಸರನ್ನೇ ಕನ್ನಡದಲ್ಲಿ ಹೇಳುವುದಾದರೆ ಎವರೆಸ್ಟಿನ ಮೇಲಣ ಲಗ್ಗೆ ಎಂದಾಗುವುದು. ಸಾವಿರ ಮೆಟ್ಟಿಲೇರಿ ಚಾಮುಂಡಿ ಬೆಟ್ಟಕ್ಕೆ ಹೋಗಿಬಂದ ನಮ್ಮ ಊರಿನವರು ಬೆಟ್ಟವನ್ನು ಗೆದ್ದುಬಂದೆವೆಂದು ಹೇಳಿಕೊಂಡುದನ್ನು ನಾವಂತೂ ಕೇಳಿಲ್ಲ.

ಇನ್ನು ಶಿಖರದ ಹೆಸರಿನ ಸಂಗತಿ. ಲ್ಯಾಂಬ್ಟನ್ 1823ರಲ್ಲಿ ಹಿಂಗಣಘಾಟಿನಲ್ಲಿ ತೀರಿಕೊಂಡ ಮೇಲೆ ಜಾರ್ಜ್ ಎವರೆಸ್ಟ್ ಆ ಕೆಲಸವನ್ನು ವಹಿಸಿಕೊಂಡನು. 1843ರಲ್ಲಿ ಅವನು ನಿವೃತ್ತನಾದನು. ಹದಿನೈದನೆಯ ಸಂಖ್ಯೆಯ ಶಿಖರವು ಜಗತ್ತಿನಲ್ಲೆಲ್ಲ ಎತ್ತರವಾದುದೆಂದು ಅನಂತರ ಗಣಿತದಿಂದ ತಿಳಿದು, 29,002 ಅಡಿ ಎಂದು 1856ರಲ್ಲಿ ಪ್ರಕಟವಾದಾಗ, ಉತ್ತರಾಧಿಕಾರಿಯಾದ ಆಂಡ್ರ್ಯೂ ವಾ ಎಂಬವನು ಗುರುವಿನ ಹೆಸರನ್ನು ಅದಕ್ಕೆ ಸೂಚಿಸಿದನು. ಈ ದೇಶದ ಜನರು ಉಚ್ಚರಿಸಲಾರದ ಹೆಸರೆಂದು ಸ್ವತಃ ಎವರೆಸ್ಟನೇ ಆಕ್ಷೇಪಿಸಿದನು. ಆ ಮಟ್ಟಿಗೆ ಅವನ ನ್ಯಾಯಬುದ್ಧಿಯನ್ನು ಒಪ್ಪಬೇಕು. ಟಿಬೆಟಿನವರಿಗೆ ಆ ಪರ್ವತವು ಹಿಂದಿನಿಂದಲೂ ಚೋಮೊಲುಂಗ್ಮಾ ಆಗಿತ್ತು. ಆದರೂ 1865ರಲ್ಲಿ ಲಂಡನ್ನಿನ ಭೂಗೋಳ ಸಂಘವು ಎವರೆಸ್ಟನ ಹೆಸರನ್ನೇ ಸ್ಥಿರಪಡಿಸಿತು.

ಆ ಕಾಲದಲ್ಲಿ ಇಲಾಖೆಯ ಮುಖ್ಯ ಗಣಕರಾಗಿದ್ದವರು ವಂಗದೇಶದ ರಾಧಾನಾಥ ಶಿಕ್ದಾರರು. ಅವರು ಸಾಹೇಬನ ಕೊಠಡಿಗೆ ಓಡಿಬಂದು ಅತ್ಯುನ್ನತ ಶಿಖರವನ್ನು ಕಂಡುಹಿಡಿದೆನೆಂದು ಕೂಗಿದರೆಂಬ ಕಥೆಯು ಕಥೆಯಾಗಿಯೇ ಇರಲಿ. ಅದಕ್ಕಿಂತ ಬೆಲೆಯುಳ್ಳ, ದಾಖಲೆಯುಳ್ಳ ಸಂಗತಿಗಳು ಎರಡಿವೆ. 1843ರಲ್ಲಿ ಡೆಹ್ರಾಡೂನಿನ ಮ್ಯಾಜಿಸ್ಟ್ರೇಟನು ಮೋಜಣಿಯ ಆಳುಗಳಿಂದ ತನ್ನ ಸಾಮಾನುಗಳನ್ನು ಬಿಟ್ಟಿಯಾಗಿ ಹೊರಿಸಿದಾಗ ಶಿಕ್ದಾರರು ಆ ಸಾಮಾನನ್ನು ತಡೆದು ನಿಲ್ಲಿಸಿದರು. ಅದಕ್ಕಾಗಿ ಅವರಿಗೆ 200 ರೂಪಾಯಿ ಜುಲ್ಮಾನೆಯಾಯಿತು. ಎರಡನೆಯದು, ಮೋಜಣಿಯ ಕೈಪಿಡಿಗೆ ಸಂಬಂಧಿಸಿದುದು. 1851ರಲ್ಲಿ ಪ್ರಕಟವಾದ ಆ ಗ್ರಂಥದ ಗಣಿತಭಾಗಗಳಿಗೆ ಅವರೇ ಆಧಾರವೆಂದು ಪೀಠಿಕೆಯಲ್ಲಿ ಒಪ್ಪಿಕೊಂಡಿದ್ದರು. ಅವರು 1870ರಲ್ಲಿ ಕಾಲವಾದರು. 1875ರ ಮೂರನೆಯ ಮುದ್ರಣದಲ್ಲಿ ಗಣಿತವು ಹಾಗೆಯೇ ಉಳಿದು ಹೆಸರು ಮಾತ್ರ ಮಾಯವಾಯಿತು. ವರದಿಯನ್ನು ಒಬ್ಬನು ಬರೆದು ರುಜುವನ್ನು ಮತ್ತೊಬ್ಬನು ಹಾಕುವ ಪದ್ಧತಿಯನ್ನು ಬಲ್ಲ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಶಿಖರದ ದಾರಿ ತೆರೆದ ಬಗೆಯೂ ಹಿತಕರವಾದುದಲ್ಲ. ಎವರೆಸ್ಟ್ ಸಮಿತಿಯ ಮೊದಲ ಅಧ್ಯಕ್ಷನೂ 1926ರಲ್ಲಿ ಆ ಯಾತ್ರೆಗಳ ಮಹಾಕಥನವನ್ನು ಬರೆದವನೂ ಆದ ಫ್ರಾನ್ಸಿಸ್ ಯಂಗ್‌ಹಸ್ಬೆಂಡನೇ 1904ರಲ್ಲಿ ಟಿಬೆಟಿಗೆ ದಂಡೆತ್ತಿಹೋದ ನಿಯೋಗದ ನಾಯಕ. ಆ ವರ್ಷದ ಮಾರ್ಚ್ 31ರಂದು ಗುರು ಎಂಬ ಸ್ಥಳದಲ್ಲಿ, ನಾಡಬಂದೂಕು ಕತ್ತಿಗಳನ್ನು ಹಿಡಿದಿದ್ದ ನೂರಾರು ಟಿಬೆಟಿಯರು ಮ್ಯಾಕ್ಸಿಂ ಯಂತ್ರಬಂದೂಕುಗಳ ಮುಂದೆ ಸತ್ತರು. ಗಾಯಗೊಂಡವರು ಓಡದೆ ಮೆಲ್ಲನೆ ನಡೆದುಹೋದುದನ್ನು ಕಂಡು ಗುಂಡು ಹಾರಿಸಿದವರಿಗೇ ಜುಗುಪ್ಸೆಯಾಯಿತಂತೆ.

1922ರ ಜೂನ್ 7ರಂದು ಮ್ಯಾಲೊರಿ, ಸಾಮರ್ವೆಲ್, ಕ್ರಾಫರ್ಡ್ ಎಂಬ ಮೂವರು ಹದಿನಾಲ್ಕು ಮಂದಿ ಹೊರೆಯಾಳುಗಳೊಡನೆ ಹೊಸಹಿಮ ಬಿದ್ದಿದ್ದ ಇಳಿಜಾರಿನಲ್ಲಿ ಮೂರನೆಯ ಸಲ ಮೇಲೇರುತ್ತಿದ್ದರು. ಹಿಮವು ಕುಸಿಯಿತು. ಒಂಬತ್ತು ಮಂದಿ ಹೊರೆಯಾಳುಗಳು ಕೆಳಗೆ ಕೊಚ್ಚಿಹೋದರು. ಏಳು ಮಂದಿ ಸತ್ತರು. ಸಾಹೇಬರಲ್ಲಿ ಒಬ್ಬರಿಗೂ ಪ್ರಾಣಾಪಾಯವಾಗಲಿಲ್ಲ. ತಮ್ಮಲ್ಲೊಬ್ಬರೂ ಆ ಸಾವಿನಲ್ಲಿ ಪಾಲುಗೊಳ್ಳಲಿಲ್ಲವೆಂಬ ಸಂಕಟವನ್ನು ಸಾಮರ್ವೆಲರು 1936ರ ತಮ್ಮ ಗ್ರಂಥದಲ್ಲಿ ಮರೆಮಾಚದೆ ಬರೆದಿರುವರು. ಬರೆದು ಸುಮ್ಮನಾದವರೂ ಅಲ್ಲ. ತಿರುವಾಂಕೂರಿನ ದಕ್ಷಿಣ ತುದಿಯ ನೆಯ್ಯೂರಿನ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿ ದಶಕಗಳ ಕಾಲ ದುಡಿದರು. ಈ ಸಾಹಿತ್ಯದಲ್ಲಿ ನಾವು ತಲೆಬಾಗುವ ಪುಟಗಳು ಅವರವು.

ಸತ್ಯವನ್ನು ಮರೆಸುವ ಅಭ್ಯಾಸವು ಆಂಗ್ಲರೊಬ್ಬರದೇ ಅಲ್ಲ. 1950ರಲ್ಲಿ ಅನ್ನಪೂರ್ಣೆಯನ್ನು ಹತ್ತಿದ ಫ್ರೆಂಚ್ ತಂಡದವರು ಐದು ವರ್ಷ ಏನನ್ನೂ ಪ್ರಕಟಿಸುವುದಿಲ್ಲವೆಂದು ನಾಯಕ ಹೆರ್ಜೋಗನಿಗೆ ಬರೆದುಕೊಟ್ಟಿದ್ದರು. ಜೊತೆಯಲ್ಲಿ ಶಿಖರವನ್ನು ಮುಟ್ಟಿದ ಲಾಶೆನಾಲನ ದಿನಚರಿಯು ಕತ್ತರಿಯಿಲ್ಲದೆ ಪೂರ್ಣವಾಗಿ ಹೊರಬಂದುದು 1996ರಲ್ಲಿ.

1953ಕ್ಕೆ ಬರೋಣ. ಸುಮಾರು 350 ಮಂದಿ ಹೊರೆಯಾಳುಗಳ ಬೆನ್ನಿನ ಮೇಲೆ ಸಾಗಿದ ಆ ಯಾತ್ರೆಯ ಶೆರ್ಪಾಗಳನ್ನು ಕಾಠ್ಮಂಡುವಿನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಮೋಟಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಮಲಗಿಸಿದರು, ಅಲ್ಲಿ ಶೌಚಸ್ಥಾನವಿರಲಿಲ್ಲ. ಮರುದಿನ ಬೆಳಿಗ್ಗೆ ಶೆರ್ಪಾಗಳು ಕಚೇರಿಯ ಮುಂಭಾಗದಲ್ಲಿ ತಮ್ಮ ಪ್ರತಿಭಟನೆಯನ್ನು ವ್ಯಕ್ತಪಡಿಸಿದ ರೀತಿಯನ್ನು ಈ ಪುಟದಲ್ಲಿ ಅಚ್ಚುಹಾಕಲಾರೆವು, ವಾಚಕರು ಊಹಿಸಿಕೊಳ್ಳಬಹುದು. ಮೇ 29ರಂದು ಇಬ್ಬರು ಶಿಖರದಲ್ಲಿ ನಿಂತರು. ಹಿಲರಿಯವರಿಗೂ ನಾಯಕ ಹಂಟರಿಗೂ ಸರ್ ಪದವಿ ಬಂದಿತು. ತೇನ್‌ಸಿಂಗರಿಗೆ ಜಾರ್ಜ್ ಪದಕ. ಹಂಟರ ಗ್ರಂಥವು ಅದೇ ವರ್ಷ ಲಂಡನ್ನಿನಲ್ಲಿ ಎವರೆಸ್ಟಿನ ಆರೋಹಣವೆಂಬ ಹೆಸರಿನಿಂದ ಹೊರಟು, ಅಮೆರಿಕೆಯಲ್ಲಿ ಎವರೆಸ್ಟಿನ ವಿಜಯವೆಂಬ ಹೆಸರನ್ನು ತಳೆಯಿತು.

ತೇನ್‌ಸಿಂಗರಿಗೆ ಹಲವು ಭಾಷೆಗಳನ್ನು ಆಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ತಮ್ಮ ಜೀವನವನ್ನು ಅವರು ಬಾಯಲ್ಲಿ ಹೇಳಿದರು, ಜೇಮ್ಸ್ ಉಲ್ಮನ್ ಎಂಬ ಅಮೆರಿಕದ ಲೇಖಕರು ಬರೆದುಕೊಂಡರು, 1955ರಲ್ಲಿ ಗ್ರಂಥವಾಯಿತು. ಶಿಖರದ ಮೇಲೆ ಮೊದಲು ಕಾಲಿಟ್ಟವರು ಯಾರೆಂದು ದೇಶದೇಶಗಳು ಜಗಳವಾಡುತ್ತಿದ್ದಾಗ, ಹಿಲರಿಯವರೇ ಮೊದಲು, ತಾವು ಹಿಂದೆ, ಎಂದು ಅದರಲ್ಲಿ ನೇರವಾಗಿ ಹೇಳಿದವರೂ ಅವರೇ. ನಮ್ಮ ನಗರದ ವಾಚನಾಲಯಗಳ ಅಧಿಕಾರಿಗಳಲ್ಲಿ ನಮ್ಮದೊಂದು ಅರಿಕೆಯುಂಟು: ಹಂಟರ ಗ್ರಂಥವಿರುವ ಕಪಾಟಿನಲ್ಲಿ ಅದರ ಪಕ್ಕಕ್ಕೇ ತೇನ್‌ಸಿಂಗರ ಗ್ರಂಥವನ್ನೂ ಇಡಿಸಬೇಕು, ಕನ್ನಡಕ್ಕೆ ತರುವವರು ಎರಡನ್ನೂ ಒಟ್ಟಿಗೆ ತರಬೇಕು.