ಹುಲಿಕಣ್ಣಿನ ಕಲ್ಲು ಬಿ.ಪಿ. ಇಳಿಸುತ್ತದೆಯೇ?



ಹೋದ ತಿಂಗಳು ಗದಗ ಕಡೆಯ ಹಿರಿಯರೊಬ್ಬರು ಇಲ್ಲಿ ಪುಣೆಯಲ್ಲಿ ನನ್ನ ಬಳಿ ತಪಾಸಣೆಗೆ ಬಂದಿದ್ದರು. ಕಳೆದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ಬಿ.ಪಿ. ನೋಡಿದರೆ 180/110! ಕೈಯಲ್ಲಿ ಹೊನ್ನಿನ ಬಣ್ಣದ, ಕಂದು ಪಟ್ಟೆಗಳ ಕಲ್ಲಿನ ಬ್ರೇಸ್‌ಲೆಟ್. "ಎರಡು ತಿಂಗಳಾತ್ರಿ ಡಾಕ್ಟರ್, ಗುಳಿಗಿ ಬಿಟ್ಟೀನಿ. ಈ ಕಲ್ಲು ಬಿ.ಪಿ. ಇಳಸ್ತದಂತ ಮೆಸೇಜ್ ಬಂದಿತ್ರಿ" ಎಂದರು. ಹಾಗಾಗಿ ಇವತ್ತು ಆ ಕಲ್ಲಿನ ಬಗ್ಗೆಯೇ ಬರೆಯುತ್ತಿದ್ದೇನೆ.

*ಇದು ಯಾವ ಕಲ್ಲು?*
ಅಂಗಡಿಯವರು ಟೈಗರ್ ಐ ಎನ್ನುತ್ತಾರೆ. ಇದು ಕ್ವಾರ್ಟ್ಜ್ ಜಾತಿಯ ಕಲ್ಲು. ಹೆಚ್ಚಾಗಿ ದಕ್ಷಿಣ ಆಫ್ರಿಕಾದಲ್ಲಿ ಸಿಗುತ್ತದೆ. ಒಳಗಿರುವ ಸಣ್ಣ ಎಳೆಗಳ ಮೇಲೆ ಬೆಳಕು ಬಿದ್ದು, ರೇಷ್ಮೆ ಸೀರೆಯ ಹೊಳಪಿನಂತೆ ಪಟ್ಟೆ ಸರಿದಾಡುತ್ತದೆ. ಹೊಂಬಣ್ಣ ಬಂದಿರುವುದು ಕಬ್ಬಿಣದ ಅಂಶ ತುಕ್ಕು ಹಿಡಿದಂತೆ ಬದಲಾಗಿದ್ದರಿಂದ. ನವರತ್ನದ ವೈಡೂರ್ಯವೇ ಬೇರೆ, ಇದೇ ಬೇರೆ. ವೈಡೂರ್ಯದ ಬೆಲೆ ಕೊಟ್ಟು ಮೋಸ ಹೋಗಬೇಡಿ.

*ನಂಬಿಕೆ ಏನು, ನಿಜ ಏನು?*
ಧೈರ್ಯ ಬರುತ್ತದೆ, ದೃಷ್ಟಿ ತಾಗುವುದಿಲ್ಲ ಎಂದು ಹಲವರು ಧರಿಸುತ್ತಾರೆ. ಅದು ಅವರವರ ನಂಬಿಕೆ, ನನ್ನ ತಕರಾರಿಲ್ಲ. ಆದರೆ ಕಲ್ಲಿನ ಕಬ್ಬಿಣ ಚರ್ಮದ ಮೂಲಕ ರಕ್ತಕ್ಕೆ ಸೇರುವುದಿಲ್ಲ, ಬಿ.ಪಿ.ಯೂ ಇಳಿಯುವುದಿಲ್ಲ. "ನನಗೆ ಆರಾಮ ಅನಿಸ್ತದಲ್ರಿ" ಎಂದರು ಅವರು. ಬಿ.ಪಿ. ಏರಿದಾಗ ಹೆಚ್ಚಿನವರಿಗೆ ಏನೂ ಅನಿಸುವುದಿಲ್ಲ, ಅಪಾಯ ಇರುವುದೇ ಅಲ್ಲಿ. ಆರಾಮ ಅನಿಸಿದ್ದು ಪುರಾವೆಯಲ್ಲ, ಅಳೆದು ನೋಡಿದ್ದೇ ಪುರಾವೆ.

*ಮಾತ್ರೆ ಬಿಟ್ಟರೆ ಏನಾಗುತ್ತದೆ?*
✅ ಸ್ಟೆಂಟ್ ಹಾಕಿದವರು ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ಹೃದಯಾಘಾತ ಆಗಬಹುದು.
✅ ಮೆಟೊಪ್ರೊಲಾಲ್‌ನಂಥ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಎದೆನೋವು ಮರುಕಳಿಸಬಹುದು.
✅ ಕಲ್ಲು ನೆನೆಸಿದ ನೀರು ಔಷಧಿಯಲ್ಲ. ಹೃದಯ ದುರ್ಬಲವಾಗಿ, ನೀರು ಮಿತಿಯಲ್ಲಿರಲಿ ಎಂದು ವೈದ್ಯರು ಹೇಳಿದ್ದರೆ ಇಂಥ ನೀರನ್ನು ಹೆಚ್ಚಾಗಿ ಕುಡಿದು ಕಾಲು ಬಾವು, ಉಬ್ಬಸ ತಂದುಕೊಳ್ಳಬೇಡಿ.

*ಧರಿಸುವವರಿಗೆ*
✅ ಸಾಬೂನು ನೀರಿನಲ್ಲಿ ತೊಳೆದು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಬ್ಲೀಚ್, ಆಸಿಡ್ ತಾಗಿಸಬೇಡಿ.
✅ ಪಾಲಿಶ್ ಮಾಡಿದ ಕಲ್ಲು ಧರಿಸಲು ತೊಂದರೆಯಿಲ್ಲ. ಮನೆಯಲ್ಲಿ ಕೊರೆಯುವುದು, ಉಜ್ಜಿ ಪುಡಿ ಮಾಡುವುದು ಬೇಡ. ಒಳಗೆ ಆಸ್ಬೆಸ್ಟಾಸ್ ಜಾತಿಯ ಎಳೆಗಳು ಉಳಿದಿರಬಹುದು. ಕ್ವಾರ್ಟ್ಜ್ ಧೂಳೂ ಶ್ವಾಸಕೋಶಕ್ಕೆ ಕೆಟ್ಟದ್ದು. ಗುಜರಾತಿನ ಖಂಭಾತ್‌ನಲ್ಲಿ ಅಗೇಟ್ ಕಲ್ಲು ಉಜ್ಜುವ ಎಷ್ಟೋ ಕಾರ್ಮಿಕರಿಗೆ ಇಂಥ ಧೂಳಿನಿಂದಲೇ ಸಿಲಿಕೋಸಿಸ್ ಬಂದಿದೆ.
✅ ಕೈ ಬಾವು ಬಂದರೆ ಬಿಗಿಯಾದ ಬ್ರೇಸ್‌ಲೆಟ್, ಉಂಗುರ ಕೂಡಲೇ ತೆಗೆಯಿರಿ. ಆಂಜಿಯೋಗ್ರಾಂಗೆ ಬರುವಾಗ ಮನೆಯಲ್ಲೇ ಬಿಟ್ಟು ಬನ್ನಿ, ಈಗ ಹೆಚ್ಚಾಗಿ ಮಣಿಕಟ್ಟಿನ ರಕ್ತನಾಳದಿಂದಲೇ ಮಾಡುತ್ತೇವೆ.

ಆ ಹಿರಿಯರು ಅದೃಷ್ಟವಂತರು, ಅನಾಹುತ ಆಗುವ ಮೊದಲೇ ಬಂದರು. ಮಾತ್ರೆ ಮತ್ತೆ ಶುರುವಾಗಿದೆ. ಬ್ರೇಸ್‌ಲೆಟ್ ತೆಗೆಯಲು ನಾನು ಹೇಳಲಿಲ್ಲ. "ಮುಂಜಾನೆ ಇದನ್ನ ಹಾಕ್ಕೊಳ್ಳುವಾಗ ಗುಳಿಗೆನೂ ತಗೊಳ್ರಿ" ಎಂದೆ. ನಕ್ಕು ಒಪ್ಪಿದರು.

ಊರಿನಲ್ಲಿರುವ ನಿಮ್ಮ ಅಪ್ಪ-ಅಮ್ಮನಿಗೆ ಇವತ್ತೇ ಫೋನ್ ಮಾಡಿ, ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದಾರಾ ಕೇಳಿ. ಉಪಯುಕ್ತ ಅನಿಸಿದರೆ ನಿಮ್ಮವರಿಗೂ ಕಳುಹಿಸಿ. 🙏