ಅಂಕಿ ಓದಬಲ್ಲ ವಕೀಲ

ಯಾದಗಿರಿ, ಶಹಾಪುರ, ಸುರಪುರಗಳ ನ್ಯಾಯಾಲಯಗಳಲ್ಲಿ ಎಷ್ಟು ದಾವೆಗಳು ಎಷ್ಟು ವರ್ಷಗಳಿಂದ ತೀರ್ಪಿಗೆ ಕಾದಿವೆ? 2015ರಲ್ಲಿ ಆರಂಭವಾದ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಗ್ರಿಡ್‌ನ ಅಂತರ್ಜಾಲ ತಾಣದಲ್ಲಿ ಈ ಅಂಕಿಗಳು ಯಾರಿಗಾದರೂ ದೊರೆಯುತ್ತವೆ. ಆದರೆ ನೋಡುವುದು ಬೇರೆ, ಓದುವುದು ಬೇರೆ. ಯಾವ ದಾವೆ ಯಾವ ಹಂತದಲ್ಲಿ ನಿಂತಿದೆಯೆಂದು ವಿಂಗಡಿಸಲು ಕಲಿತ ಕಾನೂನು ವಿದ್ಯಾರ್ಥಿಗೆ ವಿಳಂಬದ ಮೂಲ ಹೊಳೆದೀತು.

ಇನ್ನು ಸಾಕ್ಷ್ಯದ ಮಾತು. ಬದು ಒತ್ತಿದ್ದನ್ನು ರೈತನೊಬ್ಬ ಮೊಬೈಲಿನಲ್ಲಿ ಸೆರೆಹಿಡಿದನೆನ್ನಿ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ಅದರ ಪ್ರತಿಯೊಡನೆ ‘ಹ್ಯಾಶ್’ ಸಂಖ್ಯೆಯುಳ್ಳ ಪ್ರಮಾಣಪತ್ರ ಬೇಕು. ಕಡತ ಕಿಂಚಿತ್ತು ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಕಾನೂನಿನೊಡನೆ ಗಣಕದ ಈ ಪಾಠವೂ ತರಗತಿಯಲ್ಲಿ ನಡೆಯಬೇಕು; ಇಲ್ಲವಾದರೆ ನಿಜವಿದ್ದೂ ರೈತನ ನೆಲ ಕೈಬಿಟ್ಟೀತು.