ವಾಚನಾಲಯದ ಕಿಟಕಿ ಪಕ್ಕದ ಕುರ್ಚಿ

ಅಕ್ಕಲಕೋಟ ತಾಲೂಕಿನ ನಮ್ಮೂರಲ್ಲಿ ಅಂಗಡಿ ಬಾಗಿಲು ಹಾಕಿದ ಮೇಲೆ ಅರ್ಧ ತಾಸು ವಾಚನಾಲಯದಲ್ಲಿ ಕೂಡುವುದು ನನ್ನ ನಲವತ್ತು ವರ್ಷದ ರೂಢಿ. ನಾನು ಮೆಟ್ರಿಕ್ ತನಕ ಓದಿದವ. ಮುಂದೆ ಕಲಿತದ್ದೆಲ್ಲ ಗಲ್ಲೆಯ ಮೇಲೆ ಕುಳಿತು ಮತ್ತು ಈ ವಾಚನಾಲಯದಲ್ಲಿ.

ಕೆಲವು ವರ್ಷದ ಹಿಂದೆ ತಮ್ಮನ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವನಿಗೆ ಆಗ 22 ವರ್ಷ. ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ. ಅಕ್ಷರ ಕೂಡಿಸಿ ಓದುತ್ತಾನೆ, ವಾಕ್ಯ ಉದ್ದವಾದರೆ ದಾರಿ ತಪ್ಪುತ್ತಾನೆ. ರೈಲೆಂದರೆ ಪ್ರಾಣ. ಅಂದು ಮಾಸಿಕವೊಂದರಲ್ಲಿ ರೈಲಿನ ಫೋಟೊ ಕಂಡು, "ದೊಡ್ಡಪ್ಪಾ, ಇಂಜಿನ್ ನೋಡ್ರಿ!" ಎಂದು ಕೂಗಿ ನಕ್ಕ. ಮೇಜಿನ ಸುತ್ತ ಕುಳಿತವರೆಲ್ಲ ಕತ್ತೆತ್ತಿದರು. ಕಾರಕೂನ ಬಂದು, "ಸಾವಕಾರ್ರ, ಇವನ್ನ ಮನ್ಯಾಗ ಬಿಟ್ಟು ಬರ್ರಿ. ಓದೋರಿಗೆ ತ್ರಾಸ ಆಗ್ತದ" ಅಂದ.

ನಾನು ಆ ವಾಚನಾಲಯದ ಕಾರ್ಯಕಾರಿ ಮಂಡಳಿಯ ಸದಸ್ಯ. ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಕೈ ಹಿಡಿದು ಹೊರಗೆ ಕರೆತಂದೆ. "ನಾ ಏನ್ ಮಾಡಿದ್ನಿ ದೊಡ್ಡಪ್ಪಾ?" ಎಂದು ಮನೆ ಮುಟ್ಟುವ ತನಕ ಕೇಳುತ್ತ ಬಂದ.

ಓದುಗ ಬಂಧುಗಳೆ, ಇಂಥ ಮಕ್ಕಳು ನಮ್ಮ ಮನೆತನಗಳಲ್ಲೂ ಇದ್ದಾರೆ. ಬೀಗರು ಬಂದಾಗ ಒಳಕೋಣೆಗೆ ಕಳಿಸುತ್ತೇವೆ. ಖಾತೆಯಲ್ಲಿ ಒಂದು ಹೆಸರು ಬರೆಯದೆ ಬಿಟ್ಟ ಹಾಗೆ. ಇದು ಹುಚ್ಚಲ್ಲ. 2016ರ ವಿಕಲಾಂಗರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೇಳುತ್ತದೆ. ಅದರಲ್ಲಿ ಬೌದ್ಧಿಕ ವೈಕಲ್ಯ ಬೇರೆ, ಮಾನಸಿಕ ಕಾಯಿಲೆ ಬೇರೆ.

ಬೆಂಗಳೂರಿನಲ್ಲಿ ಕೊನೆಯ ದಿನಗಳನ್ನು ಕಳೆದ ಎಸ್.ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಹಾಕಿಕೊಟ್ಟರು. ಓದುವ ಪ್ರತಿಯೊಬ್ಬನಿಗೂ ತನಗೆ ಒಗ್ಗುವ ಪುಸ್ತಕ ಸಿಗಬೇಕೆಂಬುದು ಅದರಲ್ಲೊಂದು. ಸ್ವೀಡನ್ ದೇಶದವರು 1968ರಿಂದ ಇಂಥವರಿಗಾಗಿಯೇ ಸುಲಭ ಓದಿನ ಪುಸ್ತಕ ಮಾಡುತ್ತ ಬಂದಿದ್ದಾರೆ. 1984ರಲ್ಲಿ ಸುಲಭ ಭಾಷೆಯ ಒಂದು ಸುದ್ದಿಪತ್ರಿಕೆಯನ್ನೂ ತೆಗೆದರು. ವಾಕ್ಯ ಗಿಡ್ಡ, ಅಕ್ಷರ ದೊಡ್ಡದು, ಒಂದು ವಾಕ್ಯಕ್ಕೆ ಒಂದೇ ಸಂಗತಿ, ಪಕ್ಕದ ಚಿತ್ರ ಅದೇ ಸಂಗತಿಯದು. ಆದರೆ ವಿಷಯ ಮಾತ್ರ ದೊಡ್ಡವರದು. 22 ವರ್ಷದವನ ಕೈಗೆ ಮೊಲ-ಆಮೆ ಕಥೆ ಕೊಟ್ಟರೆ ಅವನಿಗೂ ಅವಮಾನ ತಿಳಿಯುತ್ತದೆ. ಇದು ನನಗೆ ತಡವಾಗಿ ಹೊಳೆಯಿತು.

ಮಹಾರಾಷ್ಟ್ರದಲ್ಲಿ 1967ರ ಕಾಯ್ದೆಯ ಮೇರೆಗೆ ಸರಕಾರ ಅನುದಾನ ಕೊಡುತ್ತದೆ, ನಮ್ಮಂಥ ವಾಚನಾಲಯ ನಡೆಸುವುದು ಮಾತ್ರ ಊರಿನ ಸಂಸ್ಥೆಯೇ. ಎಂದರೆ ಮಂಡಳಿಯಲ್ಲಿ ಕೂಡುವವರು ನನ್ನಂಥ ಅಂಗಡಿಕಾರರು, ಮಾಸ್ತರರು. ಮುಂದಿನ ಸಭೆಯಲ್ಲಿ ನನ್ನ ತಪ್ಪನ್ನು ನಾನೇ ಹೇಳಿಕೊಂಡೆ. ಒಬ್ಬರು ಖರ್ಚು ಕೇಳಿದರು. ಖರ್ಚು ಏನೂ ಇರಲಿಲ್ಲ. ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಎರಡು ತಾಸು, ಕಿಟಕಿ ಪಕ್ಕ ದಿನವೂ ಅದೇ ಕುರ್ಚಿ. (ಜಾಗ ಬದಲಾದರೆ ಹುಡುಗ ಗಾಬರಿಯಾಗುತ್ತಾನೆ.) ಕಪಾಟಿಗೆ ರೈಲು, ಅಡಿಗೆ, ಆಟದ ಚಿತ್ರ ಅಂಟಿಸಿದೆವು. ಸದಸ್ಯತ್ವದ ಕಾರ್ಡು ಅವನ ಹೆಸರಿನಲ್ಲೇ ಆಯಿತು. ಕಾರಕೂನನಿಗೆ ಒಂದೇ ಮಾತು ಹೇಳಿದೆ: "ಏನ್ ಬೇಕಂತ ನನ್ನ ಕೇಳಬ್ಯಾಡ, ಅವನ್ನ ಕೇಳು. ಉತ್ತರ ಬರೂ ತನಕ ತಡಿ." ತಡೆಯುವುದೇ ಎಲ್ಲಕ್ಕಿಂತ ಕಷ್ಟವೆಂದು ಆ ಮೇಲೆ ಅವನೇ ನನಗೆ ಹೇಳಿದ. ಮನುಷ್ಯ ಕೆಟ್ಟವನಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ.

ಪುಸ್ತಕದ್ದೇ ತೊಂದರೆ. ಇಲ್ಲಿ ಮರಾಠಿಯವೇ ಹೆಚ್ಚು, ಕನ್ನಡಕ್ಕೆ ಒಂದು ಕಪಾಟು. ಅದರಲ್ಲಿ ದೊಡ್ಡವರಿಗಾಗಿ ಸುಲಭ ಓದಿನದು ಒಂದೂ ಇರಲಿಲ್ಲ. ಕೊನೆಗೆ ಹಳೆಯ ರೋಜಮೇಳದ ರಟ್ಟಿನೊಳಗೆ ನಾನೇ ಒಂದು ಮಾಡಿದೆ. ಪುಟಕ್ಕೊಂದು ಫೋಟೊ, ಕೆಳಗೆ ದಪ್ಪ ಅಕ್ಷರ: 'ಇದು ಅಕ್ಕಲಕೋಟ ರೋಡ್ ಸ್ಟೇಷನ್. ನಾವು ಇಲ್ಲಿ ಟಿಕೀಟು ತೆಗೆಸುತ್ತೇವೆ.' ಹನ್ನೆರಡು ಪುಟ. ಅದನ್ನು ಎಷ್ಟು ಸಲ ಓದಿದನೋ, ಹೊಲಿಗೆ ಎರಡು ಸಲ ಬಿಚ್ಚಿತು.

ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಶಾಸ್ತ್ರದಾನ ನಮಗೆ ಹೊಸದಲ್ಲ. ಹಿರಿಯರ ಪುಣ್ಯತಿಥಿಗೆ ಸ್ಟೀಲ್ ಡಬ್ಬಿ ಹಂಚುವ ಬದಲು ಇಂಥ ಹನ್ನೆರಡು ಪುಟದ ಪುಸ್ತಕವನ್ನು ಯಾರಾದರೂ ಅಚ್ಚು ಹಾಕಿಸಬಾರದೆ?

ಎಲ್ಲರೂ ಒಪ್ಪಿದ್ದಾರೆಂದು ಹೇಳಲಾರೆ. ಹಿರಿಯ ಸದಸ್ಯರೊಬ್ಬರು ಅವನು ಬಂದರೆ ಇವತ್ತಿಗೂ ಕುರ್ಚಿ ಸರಿಸಿಕೊಂಡು ಆಚೆ ಹೋಗುತ್ತಾರೆ. ಅವನಿಗೆ ಅದು ಗೊತ್ತಾಗುತ್ತದೆ. ಆದರೂ ಹೋಗುತ್ತಾನೆ. ಕಳೆದ ವಾರ ಪುಸ್ತಕ ತಿರುಗಿ ಕೊಡುವ ದಿನ ನನಗೆ ಮರೆತೇಹೋಗಿತ್ತು. ಸರಿಯಾಗಿ ಎರಡು ಗಂಟೆಗೆ ಚೀಲ ಹಿಡಿದು ಅಂಗಡಿ ಮೆಟ್ಟಿಲ ಮೇಲೆ ನಿಂತಿದ್ದ. "ದೊಡ್ಡಪ್ಪಾ, ಏಳ್ರಿ. ತಡ ಆತು."